ಹೆಬ್ಬಾತಿನ ಬಾಕಿ

ಲ್ವೂಫ್ ಊರಿನ ಸ್ಕಾಟಿಷ್ ಕೆಫೆಯ ಮೇಜುಗಳಿಗೆ ಅಮೃತಶಿಲೆಯ ಹಾಸಿತ್ತು. ಪೆನ್ಸಿಲಿನಲ್ಲಿ ಗೀಚುವುದಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೂ ಹೇಳಿ ಮಾಡಿಸಿದಂಥ ಹಾಸು. ಎರಡು ಮಹಾಯುದ್ಧಗಳ ನಡುವೆ ಆ ಊರು ಪೋಲೆಂಡಿನಲ್ಲಿತ್ತು. ಈಗ ಉಕ್ರೇನಿನಲ್ಲಿದೆ, ಹೆಸರು ಲ್ವಿವ್. ಅಲ್ಲಿನ ವಿಶ್ವವಿದ್ಯಾಲಯದ ಗಣಿತಜ್ಞರು ಹೊತ್ತು ಸಿಕ್ಕಾಗಲೆಲ್ಲ ಈ ಮೇಜುಗಳ ಸುತ್ತ ಸೇರುತ್ತಿದ್ದರು. ಇಂದು ಎಂ.ಎಸ್‌ಸಿ. ಗಣಿತದ ತರಗತಿಗಳಲ್ಲಿ ಫಂಕ್ಷನಲ್ ಅನಾಲಿಸಿಸ್ ಎಂಬ ಹೆಸರಿನಲ್ಲಿ ಕಲಿಸುವುದರಲ್ಲಿ ದೊಡ್ಡ ಪಾಲು ಈ ಕಲ್ಲಿನ ಮೇಲೆ ಬರೆದು ಅಳಿಸಿದ್ದು.

ಅಳಿಸಿದ್ದು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಈ ಮೇಜುಗಳ ಬಳಗದ ಸ್ತನಿಸ್ವಾಫ್ ಉಲಾಮ್ ಮುಂದೆ ಅಮೆರಿಕದಲ್ಲಿ ಕುಳಿತು ಬರೆದ ನೆನಪುಗಳಲ್ಲಿ, ಸ್ತೆಫಾನ್ ಬನಾಖ್ ಮತ್ತು ಸ್ತನಿಸ್ವಾಫ್ ಮಜೂರ್ ಜೊತೆ ಹದಿನೇಳು ಗಂಟೆ ಒಂದೇ ಸಮನೆ ಕುಳಿತ ದಿನವೊಂದು ಬರುತ್ತದೆ. ನಡುವೆ ನಿಂತದ್ದು ಊಟಕ್ಕೆ ಮಾತ್ರ. ಇಂಥದೇ ಒಂದು ಬೈಠಕ್ಕಿನ ಕೊನೆಯಲ್ಲಿ ಬನಾಖ್ ಸ್ಪೇಸುಗಳ ಬಗ್ಗೆ ಮಹತ್ವದ ಪ್ರಮೇಯವೊಂದು ಕೈಗೆ ಸಿಕ್ಕಿತ್ತಂತೆ. ಯಾರೂ ಕಾಗದಕ್ಕೆ ಇಳಿಸಿಕೊಳ್ಳಲಿಲ್ಲ. ಕೆಫೆಯವರು ಎಂದಿನಂತೆ ಮೇಜು ಒರೆಸಿದರು. ಆ ಸಾಧನೆಯನ್ನು ಮತ್ತೆ ಕಟ್ಟಲು ಯಾರಿಂದಲೂ ಆಗಲಿಲ್ಲ ಎಂದು ಆ ಬಳಗದವರೇ ಆದ ಆಂದ್ಜೆಯ್ ತುರೋವಿಚ್ ಹೇಳುತ್ತಿದ್ದರು.

ಬನಾಖ್ ಅವರ ಪತ್ನಿ ಲೂತ್ಸ್ಯಾ 1935ರಲ್ಲಿ ದಪ್ಪ ರಟ್ಟಿನ ನೋಟ್‌ಬುಕ್ಕೊಂದನ್ನು ಕೊಂಡು ತಂದರು. ಅದು ಕೆಫೆಯಲ್ಲೇ, ಮಾಣಿಯ ವಶದಲ್ಲಿರುತ್ತಿತ್ತು. ಗಣಿತಜ್ಞರು ಕೇಳಿದರೆ ಕಾಫಿಯ ಜೊತೆಗೆ ತಂದಿಡುತ್ತಿದ್ದ. ಒಂದು ಪುಟದಲ್ಲಿ ಪ್ರಶ್ನೆ ಬರೆದು, ಎದುರಿನ ಪುಟವನ್ನು ಉತ್ತರಕ್ಕೆಂದು ಖಾಲಿ ಬಿಡುವುದು ವಾಡಿಕೆ. ಮುಂದೆ ಇದಕ್ಕೆ ಸ್ಕಾಟಿಷ್ ಬುಕ್ ಎಂದೇ ಹೆಸರಾಯಿತು. 1935ರ ಜುಲೈ 17ರಂದು ಮೊದಲ ಪ್ರಶ್ನೆ ಬರೆದವರು ಬನಾಖ್. ದೂರ ಅಳೆಯುವ ಕ್ರಮವನ್ನೇ ಬದಲಿಸಿ ಒಂದು ಸ್ಪೇಸನ್ನು ಪೂರ್ಣವೂ ಕಾಂಪ್ಯಾಕ್ಟೂ ಆಗಿಸುವುದು ಯಾವಾಗ ಸಾಧ್ಯ, ಮೊದಲು ಗುರಿ ಮುಟ್ಟುತ್ತಿದ್ದ ಸಾಲುಗಳು ಆಮೇಲೂ ಮುಟ್ಟುವಂತಿರಬೇಕು ಎಂಬುದು ಆ ಪ್ರಶ್ನೆ. ನೋಟ್‌ಬುಕ್ಕು ತೆರೆದುಕೊಂಡದ್ದೇ ಕಾಂಪ್ಯಾಕ್ಟ್‌ನೆಸ್ ಮೇಲಿನ ಪ್ರಶ್ನೆಯಿಂದ. ಅದರ ಅತಿ ಪ್ರಸಿದ್ಧ ಪ್ರಶ್ನೆಯೂ, ಮೇಲ್ನೋಟಕ್ಕೆ ಹಾಗೆ ಕಾಣದಿದ್ದರೂ, ಅದೇ ಜಾಡಿನದು.

ಕೆಲವು ಪ್ರಶ್ನೆಗಳಿಗೆ ಬಹುಮಾನ ಇಡುತ್ತಿದ್ದರು. ಒಂದಕ್ಕೆ ಒಂದು ಬಾಟಲಿ ವೈನ್, ಇನ್ನೊಂದಕ್ಕೆ ಜಿನೀವಾದಲ್ಲಿ ಫೊಂಡ್ಯೂ ಊಟ. 1937ರಲ್ಲಿ ಅತಿಥಿಯಾಗಿ ಬಂದ ಫಾನ್ ನಾಯ್ಮನ್ ಇಟ್ಟದ್ದು ವಿಸ್ಕಿ ಬಾಟಲಿ, ಆದರೆ ಅದರ ಮೆಷರ್ ಸೊನ್ನೆಗಿಂತ ಹೆಚ್ಚಿರುತ್ತದೆ ಎಂಬ ಭರವಸೆಯೊಂದಿಗೆ. ಮೆಷರ್ ಥಿಯರಿ ಓದಿದವರು ಮಾತ್ರ ನಗಬಹುದಾದ ಚಟಾಕಿ. ಮಜೂರ್ 1936ರ ನವೆಂಬರ್ 6ರಂದು 153ನೆಯ ಪ್ರಶ್ನೆ ಬರೆದು, ಬಿಡಿಸಿದವರಿಗೆ ಒಂದು ಜೀವಂತ ಹೆಬ್ಬಾತು ಎಂದು ಸೇರಿಸಿದರು.

ಆ ಹೆಬ್ಬಾತಿನ ಬೆಲೆ ಗೊತ್ತಾಗಬೇಕಾದರೆ ಇಪ್ಪತ್ತು ವರ್ಷ ಹಿಂದಿನ ಒಂದು ಪಾರ್ಕಿನಿಂದ ಶುರುಮಾಡಬೇಕು. 1916ರ ಬೇಸಿಗೆ. ಕ್ರಾಕೂಫ್ ನಗರದ ಪ್ಲಾಂತಿ ಉದ್ಯಾನದಲ್ಲಿ ಗಣಿತಜ್ಞ ಹುಗೋ ಸ್ಟೈನ್‌ಹೌಸ್ ಅಡ್ಡಾಡುತ್ತಿದ್ದಾಗ, ಬೆಂಚಿನ ಮೇಲೆ ಕುಳಿತ ಇಬ್ಬರು ಯುವಕರ ಮಾತಿನಲ್ಲಿ ಲೆಬೆಗ್ ಎಂಬ ಹೆಸರು ಕಿವಿಗೆ ಬಿತ್ತು. ಲೆಬೆಗ್ ಅನುಕಲ ಆಗ ಗಣಿತದಲ್ಲೇ ಹೊಸದು, ಪಾರ್ಕಿನ ಬೆಂಚಿನಲ್ಲಿ ಕೇಳಿಸುವ ಮಾತಲ್ಲ. ಯುವಕರಲ್ಲಿ ಒಬ್ಬರು ಬನಾಖ್, ಮತ್ತೊಬ್ಬರು ಒಟ್ಟೋ ನಿಕೊದಿಮ್. ಬನಾಖ್‌ಗೆ ಆಗ ಇಪ್ಪತ್ನಾಲ್ಕು. ಹುಟ್ಟಿದ್ದು ಕ್ರಾಕೂಫ್‌ನಲ್ಲಿ, 1892ರ ಮಾರ್ಚ್ 30ರಂದು. ಹೆಸರಿನ ಜೊತೆ ಬಂದದ್ದು ತಾಯಿಯ ಮನೆತನದ ಹೆಸರು. ಬೆಳೆಸಿದ್ದು ಮಾತ್ರ ಬೇರೊಬ್ಬ ತಾಯಿ. ಲ್ವೂಫ್‌ನಲ್ಲಿ ಎಂಜಿನಿಯರಿಂಗ್ ಓದು ಅರ್ಧಕ್ಕೆ ನಿಂತಿತ್ತು, ಗಣಿತವೆಲ್ಲ ಹೆಚ್ಚುಕಡಿಮೆ ಸ್ವಂತ ಓದು. ಸ್ಟೈನ್‌ಹೌಸ್ ತಾವು ತಲೆಕೆಡಿಸಿಕೊಂಡಿದ್ದ ಫೋರಿಯೇ ಶ್ರೇಣಿಗಳ ಸಮಸ್ಯೆಯೊಂದನ್ನು ಹೇಳಿದರು. ಕೆಲವೇ ದಿನಗಳಲ್ಲಿ ಬನಾಖ್ ಉತ್ತರ ಹಿಡಿದು ಬಂದರು. ಸ್ಟೈನ್‌ಹೌಸ್ ಸ್ವತಃ ದೊಡ್ಡ ಗಣಿತಜ್ಞರು. ಆದರೂ ತಮ್ಮ ಅತಿ ದೊಡ್ಡ ಶೋಧ ಬನಾಖ್ ಎಂದು ಕೊನೆತನಕ ಹೇಳಿಕೊಂಡರು. ಈ ಮಾತಿನಲ್ಲಿ ಇರುವುದು ವಿನಯವಲ್ಲ, ಸರಿಯಾದ ಲೆಕ್ಕಾಚಾರ.

ಬನಾಖ್ 1920ರಲ್ಲಿ ಡಾಕ್ಟರೇಟ್‌ಗೆ ಸಲ್ಲಿಸಿದ ಪ್ರಬಂಧ 1922ರಲ್ಲಿ ಫ್ರೆಂಚಿನಲ್ಲಿ ಅಚ್ಚಾಯಿತು. ಮುಖ್ಯ ವಿಚಾರ ಇಷ್ಟೇ: ಒಂದು ಇಡೀ ಫಂಕ್ಷನ್ನನ್ನು ಒಂದೇ ಬಿಂದು ಎಂದು ಭಾವಿಸುವುದು. ಬಿಂದುಗಳನ್ನು ಕೂಡಿಸಬಹುದು, ಸಂಖ್ಯೆಯಿಂದ ಗುಣಿಸಬಹುದು. ಪ್ರತಿ ಬಿಂದುವಿಗೂ ಒಂದು ಉದ್ದವಿದೆ, ಅದಕ್ಕೆ ನಾರ್ಮ್ ಎಂದು ಹೆಸರು. ಜೊತೆಗೆ ಒಂದು ಷರತ್ತು. ಬಿಂದುಗಳ ಒಂದು ಸಾಲು ಪರಸ್ಪರ ಹತ್ತಿರ ಹತ್ತಿರ ಬರುತ್ತ ಹೋದರೆ ಅದು ಒಳಗೇ ಇರುವ ಒಂದು ಬಿಂದುವನ್ನು ಮುಟ್ಟಲೇಬೇಕು. 1, 1.4, 1.41, 1.414 ಎಂದು ಸಾಗುವ ಸಾಲು ಭಿನ್ನರಾಶಿಗಳ ಲೋಕದಲ್ಲಿ ಎಲ್ಲಿಗೂ ತಲುಪದು, ಎರಡರ ವರ್ಗಮೂಲ ಭಿನ್ನರಾಶಿ ಅಲ್ಲವಾದ್ದರಿಂದ. ಇಂಥ ತೂತುಗಳಿಲ್ಲದ ಸ್ಪೇಸೇ ಬನಾಖ್ ಸ್ಪೇಸ್. ಬನಾಖ್ ಮಾತ್ರ ಅದನ್ನು ಬಿ ಮಾದರಿಯ ಸ್ಪೇಸ್ ಎಂದಷ್ಟೇ ಬರೆಯುತ್ತಿದ್ದರು. ಅಮೆರಿಕದ ನಾರ್ಬರ್ಟ್ ವೀನರ್ ಸರಿಸುಮಾರು ಅದೇ ಕಾಲಕ್ಕೆ ಇದೇ ನಿಯಮಗಳನ್ನು ಬರೆದಿದ್ದರು, ಆದರೆ ಬೇಗ ಬೇರೆ ಕಡೆ ಹೊರಳಿದರು. ಲ್ವೂಫ್‌ನವರು ಹೊರಳಲಿಲ್ಲ. 1929ರಲ್ಲಿ ಬನಾಖ್ ಮತ್ತು ಸ್ಟೈನ್‌ಹೌಸ್ ಸ್ಟುಡಿಯಾ ಮ್ಯಾಥಮ್ಯಾಟಿಕಾ ಪತ್ರಿಕೆ ಆರಂಭಿಸಿದರು. 1932ರಲ್ಲಿ ರೇಖೀಯ ಆಪರೇಟರುಗಳ ಮೇಲಿನ ಬನಾಖ್ ಅವರ ಪುಸ್ತಕ ಫ್ರೆಂಚಿನಲ್ಲಿ ಬಂತು. ಕನ್ನಡ ನಾಡಿನ ತರಗತಿಗಳಲ್ಲಿ ಆ ಹೆಸರನ್ನು ಬನಾಕ್, ಬನಾಚ್ ಎಂದೆಲ್ಲ ಕರೆಯುವುದುಂಟು. ಪೋಲಿಷ್ ನಾಲಿಗೆಯಲ್ಲಿ ಅದು ಬನಾಖ್.

ಫಂಕ್ಷನ್ನುಗಳನ್ನು ಬಿಂದುಗಳಾಗಿ ಮಾಡಿದ ಮೇಲೆ ಎದುರಾದ ಮೊದಲ ತೊಡಕು ಜಾಗದ್ದು. ಒಂದು ಸಣ್ಣ ಕೋಣೆಗೆ ಅನಂತ ಬಿಂದುಗಳನ್ನು ತುಂಬಿದರೆ ಎಲ್ಲೋ ಒಂದು ಕಡೆ ಅವು ಒತ್ತೊತ್ತಾಗಲೇಬೇಕು, ನೂಕುನುಗ್ಗಲು ತಪ್ಪದು. ಕಾಂಪ್ಯಾಕ್ಟ್ ಎಂಬ ಪದದ ತಿರುಳು ಇದೇ: ಯಾವ ಸಾಲನ್ನು ಆರಿಸಿದರೂ ಅದರೊಳಗಿಂದ ಒಂದು ಬಿಂದುವಿನತ್ತ ಸರಿಯುವ ಉಪಸಾಲನ್ನು ಹೆಕ್ಕಬಹುದು. ಮೂರು ಆಯಾಮದ ಕೋಣೆಗೆ ಸರಿಹೋಗುವ ಈ ಮಾತು ಅನಂತ ಆಯಾಮಕ್ಕೆ ಸರಿಹೋಗದು. ಮೊದಲ ಸ್ಥಾನದಲ್ಲಿ 1, ಉಳಿದೆಡೆ ಸೊನ್ನೆ. ಎರಡನೆಯದರಲ್ಲಿ 1, ಉಳಿದೆಡೆ ಸೊನ್ನೆ. ಹೀಗೆ ಮುಂದುವರಿಯುವ ಬಿಂದುಗಳನ್ನು, ಪೈಥಾಗೊರಸ್ ರೀತಿಯಲ್ಲೇ ಉದ್ದ ಅಳೆಯುವ ಹಿಲ್ಬರ್ಟ್ ಸ್ಪೇಸಿನಲ್ಲಿ ಇಟ್ಟು ನೋಡಬಹುದು. ಪ್ರತಿಯೊಂದರ ಉದ್ದ 1. ಯಾವ ಎರಡನ್ನು ತೆಗೆದುಕೊಂಡರೂ ನಡುವಿನ ದೂರ ಎರಡರ ವರ್ಗಮೂಲ, ಸುಮಾರು 1.414. ಒಂದೇ ಕೋಣೆ, ಲೆಕ್ಕವಿಲ್ಲದಷ್ಟು ಜನ, ಆದರೂ ಒಬ್ಬರ ಭುಜ ಇನ್ನೊಬ್ಬರಿಗೆ ತಾಗದು. ಯಾವ ನಾರ್ಮ್ ಇಟ್ಟುಕೊಂಡರೂ ಅನಂತ ಆಯಾಮದ ಪಾಡು ಇದೇ ಎಂದು ಹಂಗೇರಿಯ ಫ್ರಿಗ್ಯೆಶ್ ರೀಸ್ 1918ರ ಪ್ರಬಂಧದಲ್ಲಿ ತೋರಿಸಿದ್ದರು: ತ್ರಿಜ್ಯ 1 ಇರುವ ಚೆಂಡು ಕಾಂಪ್ಯಾಕ್ಟ್ ಆಗಿದ್ದರೆ ಆ ಸ್ಪೇಸಿನ ಆಯಾಮ ಪರಿಮಿತ.

ಸ್ಪೇಸಿನಲ್ಲಿ ಕಳೆದುಹೋದ ಕಾಂಪ್ಯಾಕ್ಟ್‌ನೆಸ್ ಆಪರೇಟರುಗಳಲ್ಲಿ ಮರಳಿ ಸಿಗುತ್ತದೆ. ಆಪರೇಟರ್ ಎಂದರೆ ಒಂದು ಬಿಂದುವನ್ನು ಇನ್ನೊಂದು ಬಿಂದುವಿಗೆ ಒಯ್ಯುವ ರೇಖೀಯ ನಿಯಮ. ಮೊದಲ ಸ್ಥಾನವನ್ನು ಹಾಗೇ ಬಿಟ್ಟು, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ, ನೂರನೆಯದನ್ನು 100ರಿಂದ ಭಾಗಿಸುವ ಆಪರೇಟರನ್ನೇ ನೋಡಬಹುದು. ದೂರ ದೂರ ನಿಂತಿದ್ದ ಆ ಬಿಂದುಗಳ ಉದ್ದ ಈಗ 1, 1/2, 1/3 ಎಂದು ಕುಗ್ಗುತ್ತ ಮೂಲಬಿಂದುವಿನತ್ತ ಗುಂಪುಗೂಡುತ್ತದೆ. ಹೀಗೆ ಮಿತಿಯೊಳಗಿನ ಪ್ರತಿ ಗುಂಪನ್ನೂ ಒತ್ತೊತ್ತಾಗಿಸುವ ಆಪರೇಟರೇ ಕಾಂಪ್ಯಾಕ್ಟ್ ಆಪರೇಟರ್. ಸ್ವೀಡನ್ನಿನ ಫ್ರೆಡ್‌ಹೋಮ್ 1903ರಲ್ಲಿ ಬಿಡಿಸಿ ತೋರಿಸಿದ್ದ ಅನುಕಲ ಸಮೀಕರಣಗಳ ಹಿಂದೆ ಇದ್ದದ್ದು ಇವೇ. ಅದನ್ನು ಕಂಡು ಹೇಳಿದವರು ರೀಸ್. ಲ್ವೂಫ್‌ನ ಯೂಲಿಯುಶ್ ಶೌಡರ್ 1930ರಲ್ಲಿ, ಒಂದು ಆಪರೇಟರ್ ಕಾಂಪ್ಯಾಕ್ಟ್ ಆದರೆ ಅದರ ಜೋಡಿ ಆಪರೇಟರೂ ಕಾಂಪ್ಯಾಕ್ಟ್, ಅದು ಆದರೆ ಇದೂ ಹೌದು ಎಂದು ಸಾಧಿಸಿದರು.

ಮೇಲಿನ ಭಾಗಾಕಾರದ ಆಪರೇಟರನ್ನು ನೂರನೆಯ ಸ್ಥಾನದ ಆಚೆ ಕತ್ತರಿಸಿ ಸೊನ್ನೆ ಮಾಡಿದರೆ ಉಳಿಯುವುದು ನೂರು ಆಯಾಮದ ಒಂದು ಸಾಮಾನ್ಯ ಮ್ಯಾಟ್ರಿಕ್ಸ್. ಕತ್ತರಿಸಿದ್ದರಿಂದ ಆದ ತಪ್ಪು 1/101ಕ್ಕಿಂತ ಹೆಚ್ಚಿಲ್ಲ. ಸಾವಿರದಾಚೆ ಕತ್ತರಿಸಿದರೆ 1/1001. ಅನಂತವನ್ನು ಕಾಗದದ ಮೇಲೆ ಲೆಕ್ಕ ಹಾಕುವ ದಾರಿ ಇದೊಂದೇ: ಎಲ್ಲೋ ಒಂದು ಕಡೆ ಕತ್ತರಿಸಿ, ಆದ ತಪ್ಪು ಸಣ್ಣದೆಂದು ನೆಮ್ಮದಿ ಪಡುವುದು. ಹಿಲ್ಬರ್ಟ್ ಸ್ಪೇಸಿನ ಪ್ರತಿ ಕಾಂಪ್ಯಾಕ್ಟ್ ಆಪರೇಟರಿಗೂ ಇದು ನಡೆಯುತ್ತದೆ. ಶೌಡರ್ 1927ರಲ್ಲಿ ಹೇಳಿದ ಬಗೆಯ ಆಧಾರ, ಅಂದರೆ ಪ್ರತಿ ಬಿಂದುವನ್ನೂ ಒಂದೇ ರೀತಿಯಲ್ಲಿ ಅನಂತ ಮೊತ್ತವಾಗಿ ಬರೆಯಲು ಸಾಧ್ಯವಾಗಿಸುವ ಬಿಂದುಗಳ ಸಾಲು, ಇರುವ ಎಲ್ಲ ಸ್ಪೇಸುಗಳಲ್ಲೂ ನಡೆಯುತ್ತದೆ. ಕತ್ತರಿಸುವ ಕೆಲಸ ಅಲ್ಲಿ ಕೈಮೀರದಂತೆ ಕಾಯುವುದು ಅದೇ 1927ರ ಬನಾಖ್–ಸ್ಟೈನ್‌ಹೌಸ್ ಪ್ರಮೇಯ. ಆಗ ಪರಿಚಯವಿದ್ದ ಸೆಪರಬಲ್ ಸ್ಪೇಸುಗಳಲ್ಲಿ, ಅಂದರೆ ಬಿಂದುಗಳ ಒಂದೇ ಸಾಲಿನಿಂದ ಎಲ್ಲ ಬಿಂದುಗಳ ಹತ್ತಿರವೂ ಹೋಗಬಹುದಾದ ಸ್ಪೇಸುಗಳಲ್ಲಿ, ಹೆಚ್ಚಿನವಕ್ಕೆ, ಹುಡುಕಿದರೆ, ಇಂಥ ಆಧಾರ ಸಿಗುತ್ತಿತ್ತು. ಎಲ್ಲಕ್ಕೂ ಇದ್ದೇ ಇರುತ್ತದೆಯೇ ಎಂದು 1932ರ ಪುಸ್ತಕ ಕೇಳಿತು. ಉತ್ತರ ಹೊಳೆಯಲಿಲ್ಲ.

153ನೆಯ ಪ್ರಶ್ನೆಯಲ್ಲಿ ಆಪರೇಟರ್, ಕಾಂಪ್ಯಾಕ್ಟ್ ಎಂಬ ಮಾತೇ ಇಲ್ಲ. ಇರುವುದು ಎರಡು ಚರಗಳ ಒಂದು ಕಂಟಿನ್ಯೂಯಸ್ ಫಂಕ್ಷನ್, ಎರಡು ಚರವೂ 0 ಮತ್ತು 1ರ ನಡುವೆ. ಮೊದಲ ಚರವನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿದರೆ ಎರಡನೆಯದರ ಫಂಕ್ಷನ್ ಉಳಿಯುತ್ತದೆ; ಎರಡನೆಯದನ್ನು ಕಟ್ಟಿಹಾಕಿದರೆ ಮೊದಲನೆಯದರದು. ಇಂಥ ಎರಡು ತುಂಡುಗಳ ಗುಣಲಬ್ಧಗಳನ್ನು ತಕ್ಕ ಸಂಖ್ಯೆಗಳಿಂದ ಗುಣಿಸಿ, ಕೆಲವನ್ನು ಕೂಡಿಸಿ, ಮೂಲ ಫಂಕ್ಷನ್ನಿಗೆ ಬೇಕಾದಷ್ಟು ಹತ್ತಿರ ಬರಬಹುದೇ? ಎಕ್ಸ್ ಕೂಡು ವೈ ಎಂಬ ಸರಳ ಫಂಕ್ಷನ್ನಿನಲ್ಲಿ ಪರೀಕ್ಷಿಸಿದರೆ ಮೂರೇ ಪದಗಳಲ್ಲಿ ಕೆಲಸ ಮುಗಿಯುತ್ತದೆ. ಎಕ್ಸ್ ಅನ್ನು 0ಗೆ ಕಟ್ಟಿದಾಗ ಸಿಗುವುದು ವೈ, 1ಕ್ಕೆ ಕಟ್ಟಿದಾಗ ವೈ ಕೂಡು 1. ಎಕ್ಸ್ ತುಂಡುಗಳೂ ಹಾಗೆಯೇ. ವೈಯನ್ನು ಎಕ್ಸ್ ಕೂಡು 1ರಿಂದ ಗುಣಿಸಿ, ಎಕ್ಸ್ ಅನ್ನು ವೈ ಕೂಡು 1ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ಎಕ್ಸ್ ವೈ ಗುಣಲಬ್ಧವನ್ನು ಎರಡು ಬಾರಿ ಕಳೆದರೆ ಉಳಿಯುವುದು ಎಕ್ಸ್ ಕೂಡು ವೈ. ಒಂದಿನಿತೂ ತಪ್ಪಿಲ್ಲ. ಕಾಗದ ಪೆನ್ಸಿಲು ಹಿಡಿದು ಯಾವ ಪರಿಚಿತ ಫಂಕ್ಷನ್ನಿನಲ್ಲಿ ನೋಡಿದರೂ ಉತ್ತರ ಹೌದು ಎಂದೇ ತೋರುತ್ತದೆ. ಪ್ರಶ್ನೆಯ ಕಪಟ ಇರುವುದೇ ಅಲ್ಲಿ.

ನೋಟ್‌ಬುಕ್ಕಿನ ಎದುರು ಪುಟ ಖಾಲಿಯಾಗಿಯೇ ಉಳಿಯಿತು, ಯುದ್ಧ ಬಂತು. ಉಲಾಮ್ 1939ರ ಬೇಸಿಗೆಯಲ್ಲಿ ಕೊನೆಯ ಬಾರಿ ಲ್ವೂಫ್‌ನಲ್ಲಿದ್ದಾಗ, ಊರಿನ ಮೇಲೆ ಬಾಂಬು ಬಿದ್ದರೆ ನೋಟ್‌ಬುಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಫುಟ್‌ಬಾಲ್ ಮೈದಾನದ ಗೋಲ್ ಕಂಬದ ಬುಡದಲ್ಲಿ ಹೂಳುತ್ತೇನೆ ಎಂದು ಮಜೂರ್ ಹೇಳಿದ್ದರಂತೆ. ಸೆಪ್ಟೆಂಬರಿನಲ್ಲಿ ಸೋವಿಯತ್ ಸೇನೆ ಬಂತು. ಮಾಸ್ಕೋ ಕಡೆಯಿಂದ ಬಂದ ಗಣಿತಜ್ಞರೂ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದರು. 193 ಅದರಲ್ಲಿನ ಕೊನೆಯ ಸಂಖ್ಯೆ. 1941ರ ಮೇ 31ರಂದು ಸ್ಟೈನ್‌ಹೌಸ್ ಬರೆದ ಆ ಪ್ರಶ್ನೆ ಬೆಂಕಿಪೊಟ್ಟಣದಲ್ಲಿ ಉಳಿಯುವ ಕಡ್ಡಿಗಳ ಲೆಕ್ಕದ್ದು. ಒಂದು ತಿಂಗಳು ಕಳೆಯುವಷ್ಟರಲ್ಲಿ ಜರ್ಮನ್ನರು ಊರಿಗೆ ನುಗ್ಗಿದರು. ಜುಲೈ 4ರ ನಸುಕಿನಲ್ಲಿ ವುಲ್ಕಾ ಗುಡ್ಡದ ಮೇಲೆ ಊರಿನ ಪ್ರಾಧ್ಯಾಪಕರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಗಣಿತಜ್ಞ ಆಂತೊನಿ ವೊಮ್ನಿತ್ಸ್ಕಿ ಅವರಲ್ಲಿದ್ದರು, ವ್ವೊದ್ಜಿಮಿಯೆಶ್ ಸ್ತೋಜೆಕ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಇದ್ದರು. ಯಹೂದಿಯಾಗಿದ್ದ ಶೌಡರ್ ತಲೆಮರೆಸಿಕೊಂಡು ಬದುಕಿ, 1943ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಕೊಲೆಯಾದರು. ಸ್ಟೈನ್‌ಹೌಸ್ ಸುಳ್ಳು ಹೆಸರಿನಲ್ಲಿ ಹಳ್ಳಿಗಳಲ್ಲಿ ಅಡಗಿ ಉಳಿದುಕೊಂಡರು.

ಬನಾಖ್ ಉಳಿದದ್ದು ಹೇನುಗಳಿಂದ. ರುದೋಲ್ಫ್ ವೈಗ್ಲ್ ಅವರ ಸಂಸ್ಥೆಯಲ್ಲಿ ಟೈಫಸ್ ಜ್ವರದ ಲಸಿಕೆಯನ್ನು ಹೇನುಗಳಿಂದ ತಯಾರಿಸುತ್ತಿದ್ದರು, ಹೇನುಗಳಿಗೆ ಮನುಷ್ಯರ ರಕ್ತವೇ ಆಗಬೇಕು. ಸಣ್ಣ ಡಬ್ಬಿಗಳಲ್ಲಿ ಅವನ್ನು ತುಂಬಿ, ಜಾಲರಿಯ ಬದಿ ಚರ್ಮಕ್ಕೆ ತಾಗುವಂತೆ ಕಾಲಿಗೆ ಪಟ್ಟಿಯಿಂದ ಬಿಗಿದುಕೊಂಡು ಕೂರುವುದೇ ಉದ್ಯೋಗ. ಜರ್ಮನ್ ಸೇನೆಗೆ ಆ ಲಸಿಕೆ ಬೇಕಿದ್ದರಿಂದ ಅಲ್ಲಿನ ಗುರುತಿನ ಚೀಟಿ ಇದ್ದವರನ್ನು ಬೀದಿಯಲ್ಲಿ ಹಿಡಿದೊಯ್ಯುವುದು ಕಡಿಮೆ. ಜಗತ್ತಿನ ಗಣಿತಕ್ಕೆ ಒಂದು ಸ್ಪೇಸನ್ನು ಕೊಟ್ಟ ಮನುಷ್ಯ ಜರ್ಮನ್ ಆಡಳಿತ ಮುಗಿಯುವ ತನಕ ಹೀಗೆ ಹೇನುಗಳಿಗೆ ರಕ್ತ ಕೊಟ್ಟು ಬದುಕಿದರು. 1945ರ ಆಗಸ್ಟ್ 31ರಂದು ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಒಯ್ದಿತು. ವಯಸ್ಸು ಐವತ್ಮೂರು.

ನೋಟ್‌ಬುಕ್ಕು ಮಾತ್ರ ಉಳಿಯಿತು, ಬನಾಖ್ ಕುಟುಂಬದವರ ಜೊತೆ ಪೋಲೆಂಡಿಗೆ ಬಂತು. ಗೋಲ್ ಕಂಬದ ಬುಡದಲ್ಲಿ ಅದು ಇತ್ತೋ ಇಲ್ಲವೋ ಉಲಾಮ್‌ಗೂ ಗೊತ್ತಾಗಲಿಲ್ಲ. ಸ್ಟೈನ್‌ಹೌಸ್ ಕೈಯಾರೆ ಮಾಡಿದ ಪ್ರತಿಯೊಂದು 1956ರಲ್ಲಿ ಉಲಾಮ್ ಇದ್ದ ಲಾಸ್ ಅಲಾಮೊಸ್‌ಗೆ ಹೋಯಿತು. ಉಲಾಮ್ ಅದನ್ನು ಇಂಗ್ಲಿಷಿಗೆ ತಂದು, 1957ರಲ್ಲಿ ತಮ್ಮದೇ ಖರ್ಚಿನಲ್ಲಿ 300 ಪ್ರತಿ ತೆಗೆಸಿ ಹಂಚಿದರು.

ಅಷ್ಟರಲ್ಲಿ ಪ್ರಶ್ನೆಯ ಬೇರು ಎಲ್ಲಿದೆ ಎಂಬುದು ಹೊರಬಿದ್ದಿತ್ತು. ಅಲೆಕ್ಸಾಂಡರ್ ಗ್ರೋತೆಂಡೀಕ್ 1955ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧದಲ್ಲಿ, ಮಜೂರ್ ಅವರ ಎರಡು ಚರಗಳ ಪ್ರಶ್ನೆಯೂ ಕಾಂಪ್ಯಾಕ್ಟ್ ಆಪರೇಟರುಗಳನ್ನು ಕತ್ತರಿಸಿ ಹತ್ತಿರ ಹೋಗುವ ಪ್ರಶ್ನೆಯೂ ಒಂದೇ ಎಂದು ತೋರಿಸಿದರು. ಒಂದು ಬಿದ್ದರೆ ಇನ್ನೊಂದೂ ಬೀಳಬೇಕು. ಬೀಳಿಸುವವರು ಸಿಗಲು ಮತ್ತೆ ಹದಿನೇಳು ವರ್ಷ ಹಿಡಿಯಿತು.

ಸ್ವೀಡನ್ನಿನ ಪೇರ್ ಎನ್‌ಫ್ಲೋಗೆ 1972ರಲ್ಲಿ ಇಪ್ಪತ್ತೆಂಟು ವರ್ಷ. ಗಣಿತದಷ್ಟೇ ಗಂಭೀರವಾಗಿ ಪಿಯಾನೋ ಹಿಡಿದ, ಕಛೇರಿ ಕೊಡುವ ವಾದಕರು. ಯಾವ ಕಾಂಪ್ಯಾಕ್ಟ್ ಗುಂಪಿನ ಮೇಲೂ ಪರಿಮಿತ ಆಯಾಮದ ಆಪರೇಟರುಗಳಿಂದ, ಪ್ರತಿ ಬಿಂದುವನ್ನೂ ಇದ್ದಲ್ಲೇ ಬಿಡುವ ಐಡೆಂಟಿಟಿ ಆಪರೇಟರಿನ ಹತ್ತಿರ ಹೋಗುವುದನ್ನು ಬಿಟ್ಟುಕೊಡದಂಥ ಒಂದು ಸೆಪರಬಲ್ ಬನಾಖ್ ಸ್ಪೇಸನ್ನು ಅವರು ಕೈಯಾರೆ ಕಟ್ಟಿದರು ಎಂದರೆ ಮಾತು ಸ್ವಲ್ಪ ಹೆಚ್ಚಾಗುತ್ತದೆ. ಅದರಲ್ಲಿ ಅಂಥ ಒಂದಾದರೂ ಹಟಮಾರಿ ಗುಂಪು ಇದೆ ಎಂಬುದು ಸರಿಯಾದ ಹೇಳಿಕೆ, ಅಷ್ಟೇ ಸಾಕಿತ್ತು. 1932ರ ಪುಸ್ತಕದ ಆಧಾರದ ಪ್ರಶ್ನೆಗೆ ಉತ್ತರ ‘ಇಲ್ಲ’, ಗ್ರೋತೆಂಡೀಕ್ ಪ್ರಶ್ನೆಗೂ ‘ಇಲ್ಲ’, 153ಕ್ಕೂ ‘ಇಲ್ಲ’. ಒಂದೇ ಕಲ್ಲಿಗೆ ಮೂರು ಹಣ್ಣು. ಪ್ರಬಂಧ 1973ರಲ್ಲಿ ಆಕ್ಟಾ ಮ್ಯಾಥಮ್ಯಾಟಿಕಾದಲ್ಲಿ ಅಚ್ಚಾಯಿತು. ಅದು ಎಲ್ಲೋ ಮೂಲೆಯ ವಿಚಿತ್ರ ಸ್ಪೇಸಿನ ಕಥೆ ಎಂದುಕೊಂಡವರಿಗೂ ಬೇಗ ಉತ್ತರ ಸಿಕ್ಕಿತು. ಗಣಿತಜ್ಞ ಡೇವಿ ಆ ಸಾಧನೆಯನ್ನು ಸರಳಗೊಳಿಸಿ, ತರಗತಿಯಲ್ಲಿ ದಿನಾ ಬಳಸುವ ಸ್ಪೇಸುಗಳ ಹೊಟ್ಟೆಯೊಳಗೇ ಇಂಥ ಸ್ಪೇಸುಗಳು ಅಡಗಿವೆ ಎಂದು ತೋರಿಸಿದರು. ಶಾಂಕೋವ್ಸ್ಕಿ 1981ರಲ್ಲಿ, ಹಿಲ್ಬರ್ಟ್ ಸ್ಪೇಸಿನ ಎಲ್ಲ ಪರಿಬದ್ಧ ಆಪರೇಟರುಗಳು ಸೇರಿ ಆಗುವ ಸ್ಪೇಸೂ ಇದೇ ಜಾತಿಯದು ಎಂದರು. ಅದನ್ನು ಮೂಲೆಯದು ಎನ್ನಲು ಯಾರಿಗೂ ಬಾಯಿ ಬರಲಾರದು.

ಎನ್‌ಫ್ಲೋ ವಾರ್ಸಾಗೆ ಹೋದಾಗ ಮಜೂರ್ ಇನ್ನೂ ಇದ್ದರು. ಮೂವತ್ತಾರು ವರ್ಷ ಹಿಂದೆ, ಮತ್ತೊಂದು ಊರಿನಲ್ಲಿ, ಅಳಿದುಹೋದ ಒಂದು ಗೆಳೆಯರ ಬಳಗದ ನಡುವೆ ಬರೆದುಕೊಟ್ಟ ಮಾತನ್ನು ಅವರು ಮರೆತಿರಲಿಲ್ಲ. ಬುಟ್ಟಿಯಲ್ಲಿ ಬಿಳಿಯ ಹೆಬ್ಬಾತನ್ನು ಇಟ್ಟು ಒಪ್ಪಿಸಿದರು. ಪೋಲೆಂಡಿನ ಟಿವಿ ಅದನ್ನು ದೇಶಕ್ಕೆಲ್ಲ ತೋರಿಸಿತು. ಗಣಿತದ ಪ್ರಶಸ್ತಿಗಳ ಚಿತ್ರಗಳಲ್ಲಿ ಇಷ್ಟು ಲಕ್ಷಣವಾದದ್ದು ಇನ್ನೊಂದಿಲ್ಲ. ಸ್ಟೈನ್‌ಹೌಸ್ ಅದೇ 1972ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು.

ಕಾಂಪ್ಯಾಕ್ಟ್ ಆಪರೇಟರುಗಳ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆಪರೇಟರ್ ಒಯ್ದ ಮೇಲೂ ಅದರ ಬಿಂದುಗಳು ಅದರೊಳಗೇ ಉಳಿಯುವ, ಸೊನ್ನೆಯೂ ಅಲ್ಲದ ಇಡೀ ಸ್ಪೇಸೂ ಅಲ್ಲದ, ಒಂದು ಮುಚ್ಚಿದ ಉಪಸ್ಪೇಸ್ ಪ್ರತಿ ಆಪರೇಟರಿಗೂ ಇರುತ್ತದೆಯೇ ಎಂಬುದು ಮತ್ತೊಂದು ಹಳೆಯ ಕಗ್ಗಂಟು. ಕಾಂಪ್ಯಾಕ್ಟ್ ಆಪರೇಟರಿಗೆ ಇರುತ್ತದೆ ಎಂದು 1954ರಲ್ಲಿ ಅರೋನ್‌ಶಯ್ನ್ ಮತ್ತು ಸ್ಮಿತ್ ಸಾಧಿಸಿದ್ದರು. ಎಲ್ಲಕ್ಕೂ ಇರುವುದಿಲ್ಲ ಎಂದು ತೋರಿಸಿದವರು ಮತ್ತೆ ಎನ್‌ಫ್ಲೋ. ಎಪ್ಪತ್ತರ ದಶಕದಲ್ಲೇ ಸಾರಿದ ಆ ಸಾಧನೆ ಪೂರ್ತಿ ಅಚ್ಚಾಗುವಾಗ 1987. ಅದಕ್ಕೆ ತದ್ವಿರುದ್ಧವಾದ ಸ್ಪೇಸೊಂದನ್ನು 2011ರಲ್ಲಿ ಆರ್ಗಿರೋಸ್ ಮತ್ತು ಹೇಡನ್ ಪ್ರಕಟಿಸಿದರು: ಅಲ್ಲಿ ಪ್ರತಿ ಪರಿಬದ್ಧ ಆಪರೇಟರೂ ಒಂದು ಸಂಖ್ಯೆಯ ಗುಣಾಕಾರ ಮತ್ತು ಒಂದು ಕಾಂಪ್ಯಾಕ್ಟ್ ಆಪರೇಟರಿನ ಮೊತ್ತ, ಆದ್ದರಿಂದ ಅಂಥ ಉಪಸ್ಪೇಸ್ ಎಲ್ಲಕ್ಕೂ ಇದ್ದೇ ಇದೆ. ಹಿಲ್ಬರ್ಟ್ ಸ್ಪೇಸಿನ ಮಟ್ಟಿಗೆ 2023ರಲ್ಲಿ ಎನ್‌ಫ್ಲೋ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಸಾಧನೆಯನ್ನು ಮುಂದಿಟ್ಟರು. ಗಣಿತ ಲೋಕ ಅದಕ್ಕೆ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ.

ಲ್ವೂಫ್‌ನ ಲೆಕ್ಕವೂ ಪೂರ್ತಿ ಚುಕ್ತಾ ಆಗಿಲ್ಲ. ಅನಂತ ಆಯಾಮದ ಯಾವ ಬನಾಖ್ ಸ್ಪೇಸನ್ನೇ ತೆಗೆದುಕೊಂಡರೂ, ಅದನ್ನು ಅನಂತ ಆಯಾಮದ ಒಂದು ಸೆಪರಬಲ್ ಬನಾಖ್ ಸ್ಪೇಸಿನ ಮೇಲೆ ಪೂರ್ತಿಯಾಗಿ ಹೊದಿಸುವ ಆಪರೇಟರ್ ಇರುತ್ತದೆಯೇ ಎಂಬ ಪ್ರಶ್ನೆ 1930ರ ದಶಕದಲ್ಲಿ ಬನಾಖ್ ಮತ್ತು ಮಜೂರ್ ಅವರ ಕಾಲಕ್ಕೆ ಎದ್ದದ್ದು. ಅದು ಇಂದಿಗೂ ಬಾಕಿ.